ತಿಥಿಯ ವಡೆಗೆ ತೇಲುವ ಹಿಟ್ಟು

ಜಯಲಕ್ಷ್ಮಿಪುರಂನ ಮೂಳೆ ಡಾಕ್ಟರ ಕ್ಲಿನಿಕ್ಕಿನಲ್ಲಿ ಸೂಸೈರಾಜ್ ಮಂಡಿ ನೀವಿಕೊಳ್ಳುತ್ತ ಕೂತಿದ್ದರು. ಪಕ್ಕದಲ್ಲಿ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಶಾರದಮ್ಮ, ಅವರ ಸೊಸೆ ಗಾರ್ಗಿ. ಬೇಡವೆಂದರೂ ಮಾತು ಕಿವಿಗೆ ಬೀಳುತ್ತಿತ್ತು.

“ನಿನ್ನೆ ಉದ್ದಿನ ಹಿಟ್ಟು ಹೇಗಾಯ್ತೇ?”

“ಒಂದು ಉಂಡೆ ನೀರಿಗೆ ಹಾಕ್ನೋಡಿದೆ ಅತ್ತೆ. ಸೀದಾ ತಳ ಸೇರ್ತು.”

“ಹಾಗಾದ್ರೆ ವಡೆ ಕಲ್ಲೇ. ನಾಳೆ ನಿಮ್ಮ ಮಾವನ ತಿಥಿ. ಗಟ್ಟಿ ವಡೆ ಅಂದ್ರೆ ಬದುಕಿದ್ದಾಗ್ಲೇ ತಟ್ಟೆ ಆಚೆ ತಳ್ಳೋರು.”

“ಚಿಟಿಕೆ ಸೋಡಾ ಹಾಕ್ಲಾ?”

“ತಿಥಿ ಅಡುಗೆಗೆ ಸೋಡಾನಾ! ಬೇಡಮ್ಮ, ಆ ಅಡುಗೆ ಭಟ್ಟರೇ ಬರ್ಲಿ. ಹೇಳಾಗಿದೆ.”

“ನಮ್ಮನೆ ತಿಥಿಗೆ ಯಾವತ್ತು ಹೊರಗಿನವರು ಮಾಡಿದ್ದಾರೆ?”

“ಯಾವತ್ತೂ ಇಲ್ಲ. ನನ್ನ ಕೈಯೂ ಮುರಿದಿರ್ಲಿಲ್ಲ.”

“ತೇಲೋದು ಮುಳುಗೋದು ಕಾಲೇಜಲ್ಲಿ ನಾನೇ ಪಾಠ ಮಾಡ್ತೀನಿ ಅತ್ತೆ. ತೂಕ ಅಷ್ಟೇ ಇದ್ದು ಗಾತ್ರ ಹೆಚ್ಚಾದ್ರೆ ಸಾಂದ್ರತೆ ಇಳಿಯುತ್ತೆ. ನೀರಿಗಿಂತ ಕಮ್ಮಿ ಆಯ್ತೋ, ತೇಲುತ್ತೆ.”

“ಆ ಗಾತ್ರ ಎಲ್ಲಿಂದ ಬರ್ಬೇಕು? ಗಾಳಿ ಕಣೇ! ರುಬ್ಬಿದ್ಮೇಲೆ ಕೈಯಲ್ಲಿ ಬಡಿದ್ಯಾ?”

“ಎರಡು ನಿಮಿಷ ಬಡಿದೆ.”

“ಎರಡು ನಿಮಿಷ! ತೋಳು ಸೋಲೋವರೆಗೂ ಬಡೀಬೇಕು. ಕೊಡಿಲ್ಲಿ ಕೈ.”

ಶಾರದಮ್ಮ ಎಡಗೈಯಿಂದ ಸೊಸೆಯ ಮಣಿಕಟ್ಟು ಹಿಡಿದು, ಬರಿ ಗಾಳಿಯಲ್ಲೇ ಗುಂಡಗೆ ತಿರುಗಿಸತೊಡಗಿದರು. ಸೂಸೈರಾಜರಿಗೆ ಅಷ್ಟು ಹೊತ್ತು ಮಂಡಿನೋವು ಮರೆತೇ ಹೋಯಿತು.

“ಬಿಗಿ ಹಿಡೀಬೇಡ. ತಳದಿಂದ ಮೇಲಕ್ಕೆತ್ತು. ಹಾಂ, ಹಾಗೆ.”

ನರ್ಸ್ ಶಾರದಮ್ಮನ ಹೆಸರು ಕೂಗಿದಳು. ಅವರು ಎದ್ದು ಸೆರಗು ಸರಿಮಾಡಿಕೊಂಡರು.

“ಭಟ್ಟರಿಗೆ ಫೋನ್ ಮಾಡಿ ಬರೋದು ಬೇಡ ಅನ್ನು.”

“ನಾಳೇನೂ ಮುಳುಗಿದ್ರೆ ಅತ್ತೆ?”

“ಇನ್ನಷ್ಟು ಬಡಿ. ನಾನು ಪಕ್ಕದಲ್ಲೇ ಕೂತಿರ್ತೀನಿ,” ಎನ್ನುತ್ತ ಶಾರದಮ್ಮ ಒಳಗೆ ನಡೆದರು. ಗಾರ್ಗಿ ಫೋನ್ ಕಿವಿಗಿಟ್ಟುಕೊಂಡು ಹಿಂದೆಯೇ ಹೋದಳು.