ಕಣ್ಣಿನ ಅಸ್ತರು

ಎಂಡೋ... ಎಂಡೋತೀ... ತಡಿಯೇ, ನೀನು ಹೇಳ್ಬೇಡ, ನಾನೇ ಹೇಳ್ತೀನಿ. ಎಂಡೋ-ತೀಟೆ... ಏ, ನಗ್ಬೇಡ್ವೇ! ಆಸ್ಪತ್ರೆಯಲ್ಲಿ ಕೂತು ಹೀಗೆಲ್ಲ ನಕ್ಕರೆ ಜನ ಏನಂದ್ಕೋತಾರೆ? ಡಾಕ್ಟರಮ್ಮ ಹೋದ ಸಲ ಮೂರು ಸಲ ಹೇಳಿಕೊಟ್ಟಿದ್ರು, ನಾನೂ ಮೂರು ಸಲ ಒಪ್ಪಿಸಿದ್ದೆ. ಮೆಟ್ಟಿಲು ಇಳಿಯೋಷ್ಟ್ರಲ್ಲಿ ಹಾರಿಹೋಯ್ತು. ಹೋಗ್ಲಿ ಬಿಡು, ನಾನು ಅದನ್ನ ಅಸ್ತರು ಅಂತೀನಿ. ಕೋಟಿನ ಒಳಗಡೆ ಹಾಕ್ತೀವಲ್ಲ, ನೀವೆಲ್ಲ ಲೈನಿಂಗ್ ಅಂತೀರಿ, ಅದೇ. ನಾನು ಹುಟ್ಟಿದೂರಲ್ಲಿ ಅಸ್ತರು ಅಂತಿದ್ರು. ಆ ಊರು ಬಿಟ್ಟು ಐವತ್ತೆರಡು ವರ್ಷ ಆಯ್ತು. ಪಾತ್ರೆ ಪಡಗ ಎಲ್ಲಾ ಅಲ್ಲೇ ಉಳೀತು, ಮಾತು ಮಾತ್ರ ಟಿಕೆಟ್ ಇಲ್ಲದೆ ಬಂದ್ಬಿಡ್ತು.

ಫಾರಂ ಎಲ್ಲಿಗೆ ಬಂತು? ವಯಸ್ಸು ಎಪ್ಪತ್ತಾರು. ಕೆಲಸ ಅನ್ನೋ ಕಡೆ 'ಮನೆಯಲ್ಲಿರುತ್ತಾರೆ' ಅಂತ ಬರೆದೀಯ, ಹುಷಾರ್! ಮಗನ ಟೈಲರ್ ಅಂಗಡಿಯಲ್ಲಿ ಕಾಜಾ ಕೆಲಸ ಅಂತ ಬರಿ. ಕೈ ಕಾಜಾ. 'ಕೈ' ಅನ್ನೋದು ಬಿಡ್ಬೇಡ. ಗುಂಡಿ ತೂರೋ ತೂತಿನ ಸುತ್ತ ಒಂದೊಂದೇ ಗಂಟು ಹಾಕ್ಕೊಂಡು ಹೊಲಿಯೋದು ಅಂದ್ರೆ ಹುಡುಗಾಟಾನಾ? ನಿಮ್ಮಪ್ಪ ಕಾಜಾ ಮಿಷನ್ನಿನ ಚಿತ್ರ ಇರೋ ಪುಸ್ತಕ ತಂದು ಮೇಜಿನ ಮೇಲಿಟ್ಕೊಂಡಿದಾನೆ. ನೋಡಿದೀನಿ. ನಾನು ಎರಡು ತಿಂಗಳು ಮನೇಲಿ ಕೂತ್ರೆ ಸಾಕು, ಕಿಟಕಿ ಹತ್ರದ ನನ್ನ ಕುರ್ಚಿ ಎತ್ತಿ ಅಲ್ಲಿ ಆ ಮಿಷನ್ನು ಕೂರಿಸ್ತಾನೆ. ಕೆಟ್ಟವನಲ್ಲ ಪಾಪ, ಆದ್ರೆ ಗಂಡಸು ಕಣೇ... ಖಾಲಿ ಜಾಗ ಕಂಡ್ರೆ ಏನಾದ್ರೂ ತಂದಿಡ್ಬೇಕು ಅನ್ಸತ್ತೆ.

ಮುಂದಿನ ಪ್ರಶ್ನೆ? 'ಕಣ್ಣಿನ ಮಂಜು ಎಷ್ಟು ಹೊತ್ತಿನವರೆಗೆ ಇರುತ್ತದೆ?' ಹ್ಞಾಂ. ಹತ್ತು ಗಂಟೆವರೆಗೆ ಅಂತ ಬರಿ.

ಬರಿ. ಯಾಕೆ ನಿಲ್ಲಿಸ್ದೆ? ಪೆನ್ನಲ್ಲಿ ಶಾಯಿ ಇಲ್ವಾ?

ಓಹೋ, ಇದು ಯಾಕೆ ಕೇಳ್ತಾರೆ ಅಂತ ಯೋಚನೆನಾ? ಅದನ್ನ ನಾನು ಹೇಳ್ತೀನಿ ಕೇಳು, ಡಾಕ್ಟರಮ್ಮ ಹೇಳಿದ್ದಕ್ಕಿಂತ ಚೆನ್ನಾಗಿ ಹೇಳ್ತೀನಿ. ಕಣ್ಣಿನ ಕರಿಗುಡ್ಡೆ ಮುಂದೆ ಒಂದು ಗಾಜು ಇರತ್ತೆ. ಕಾರ್ನಿಯಾ. ನೋಡಿದ್ಯಾ, ಇದು ಹೇಗೆ ಸಲೀಸಾಗಿ ಬಂತು! ಆ ಗಾಜಿನ ಒಳಮೈಗೆ ತೆಳ್ಳಗೆ ಒಂದು ಅಸ್ತರು. ಅದರ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಕಣಗಳು. ಅವುಗಳಿಗೆ ಒಂದೇ ಕೆಲಸ. ಗಾಜಿನೊಳಗೆ ಸೇರೋ ನೀರನ್ನ ಮೊಗೆದು ಮೊಗೆದು ಹೊರಗೆ ಹಾಕೋದು, ಹಗಲೂ ರಾತ್ರಿ. ರಜಾ ಇಲ್ಲ, ಸಂಬಳ ಇಲ್ಲ, ನಿಮ್ಮಮ್ಮನ ಹಾಗೆ. ವಯಸ್ಸಾಗ್ತಾ ಒಂದೊಂದೇ ಸಾಯ್ತವೆ. ಸತ್ತ ಜಾಗಕ್ಕೆ ಹೊಸದು ಹುಟ್ಟಲ್ವಂತೆ. ಎಲ್ಲರಿಗೂ ಒಂದಿಷ್ಟು ಹೋಗತ್ತೆ, ನನಗೆ ಜಾಸ್ತಿ ಹೋಗಿದೆ, ಅಷ್ಟೇ. ಅಸ್ತರು ಹಾಳಾದ್ರೆ ಮೇಲಿನ ಬಟ್ಟೆ ಉಬ್ಬಲ್ವಾ? ಇದೂ ಹಾಗೇ. ನಿದ್ದೆಯಲ್ಲಿ ರೆಪ್ಪೆ ಮುಚ್ಚಿರೋದ್ರಿಂದ ನೀರು ಆರೋದೇ ಇಲ್ಲ, ಗಾಜು ಊದ್ಕೊಳ್ಳತ್ತೆ. ಎದ್ದಾಗ ಲೋಕವೆಲ್ಲ ಸ್ನಾನದ ಮನೆ ಕನ್ನಡಿ. ಆಮೇಲೆ ಕಣ್ಣಿಗೆ ಗಾಳಿ ತಗಲಿ ತಗಲಿ, ಹೊತ್ತೇರ್ತಾ ತಿಳಿಯಾಗತ್ತೆ.

ಅದಕ್ಕೇ ಉಪ್ಪಿನ ಹನಿ ಬಿಡೋದು, ನೀರೆಳೀಲಿ ಅಂತ. ಅದಕ್ಕೇ ತಲೆಕೂದಲು ಒಣಗಿಸೋ ಮಿಷನ್ನು. ಕೈ ಚಾಚಿ ದೂರ ಹಿಡ್ಕೊಂಡು, ಬೆಚ್ಚಗೆ ಗಾಳಿ ಬಿಟ್ಕೊಳ್ಳಿ ಅಂದ್ರು. ಮೊದಲನೇ ದಿನ ನಿಮ್ಮಪ್ಪ ನೋಡಿ, 'ಅಮ್ಮಾ, ಕಣ್ಣಲ್ಲಿ ಕೂದಲು ಬಂತಾ?' ಅಂದ. ಬಂತಪ್ಪಾ, ನಿನ್ನ ತಲೇಲಿ ಉದುರಿದ್ದೆಲ್ಲ ಇಲ್ಲಿ ಬರ್ತಿದೆ ಅಂದೆ. ಬಾಯಿ ಮುಚ್ಕೊಂಡು ಹೋದ!

ನಗು, ನಗು. ಇದಕ್ಕೆ ನಗಬಹುದು.

ಹ್ಞೂಂ... ಮಧ್ಯಾಹ್ನದೊಳಗೆ ತಿಳಿಯಾಗ್ತಿದ್ರೆ ಹನಿ ಸಾಕು, ಸಂಜೆಯಾದ್ರೂ ಹೋಗ್ದೇ ಇದ್ರೆ ಆಪರೇಷನ್ನು ಅಂದಿದಾರೆ. ಅದೇನೂ ದೊಡ್ಡದಲ್ಲ. ಯಾರೋ ಪುಣ್ಯಾತ್ಮರು ಸಾಯೋವಾಗ ಕೊಟ್ಟುಹೋದ ಅಸ್ತರನ್ನ ಒಳಗೆ ಹಾಕಿ, ಗಾಳಿಗುಳ್ಳೆ ಬಿಟ್ಟು ಅದರಿಂದ ಒತ್ತಿ ಕೂರಿಸ್ತಾರಂತೆ. ಸೂಜಿ ದಾರ ಹಾಕಿ ಅಂಚು ಹೊಲಿಯೋದೇ ಬೇಡ! ಅಂಗಾತ ಮಲಗಿ ತಾರಸಿ ನೋಡ್ತಿದ್ರೆ ತಾನೇ ಅಂಟ್ಕೊಳ್ಳತ್ತೆ. ನಮ್ಮ ಕಸುಬಿನವರಿಗೆ ಹೇಳಿದ್ರೆ ನಂಬ್ತಾರಾ? ಆದ್ರೆ ಆಮೇಲೆ ಎರಡು ತಿಂಗಳು ಸೂಜಿ ಮುಟ್ಟೋ ಹಾಗಿಲ್ಲ ಅಂದ್ರಲ್ಲ, ಅದೇ... ಏನಾದ್ರಾಗ್ಲಿ, ಆ ಮಾತು ನಮಗ್ಯಾಕೆ? ನನಗೆ ಹತ್ತು ಗಂಟೆಗೇ ತಿಳಿಯಾಗತ್ತಲ್ಲ. ಈಗ್ಲೇ ನೋಡು, ಎದುರು ಗೋಡೆ ಗಡಿಯಾರ ಕಾಣ್ತಿದೆ. ಮೂರೂಕಾಲು.

ಏನು?

ಫ್ಯಾನಾ? ಗೋಡೆಗೆ ಯಾರಾದ್ರೂ ಫ್ಯಾನ್ ಹಾಕ್ತಾರಾ? ಅದೂ ದುಂಡಗೆ, ಬಿಳೀದು... ನಿಂತುಹೋಗಿರೋ ಫ್ಯಾನು ಬೇರೆ. ಇವರದ್ದು ತಪ್ಪು, ನನ್ನದಲ್ಲ. ಇಲ್ಲಿ ಬೆಳಕೂ ಸಾಲದು. ನಮ್ಮ ಕಿಟಕಿ ಹತ್ರ ಕೂರಿಸು, ಇರುವೆ ಮೀಸೆ ಎಣಿಸ್ತೀನಿ! ನಿನ್ನೆ ಮಧ್ಯಾಹ್ನ ಆ ವಕೀಲರ ಕರಿಕೋಟು ಮಾಡ್ಲಿಲ್ವಾ? ಕರಿ ಬಟ್ಟೆ, ಕರಿ ದಾರ, ಹನ್ನೊಂದು ಕಾಜಾ, ಒಂದೇ ಪಟ್ಟಿಗೆ ಕೂತು. ನೀನು ಪಕ್ಕದಲ್ಲೇ ಇದ್ಯಲ್ಲ. ಹೇಗಿದ್ವು ಹೇಳು?

ಹೇಗಿದ್ವು ಅಂದೆ.

...ಪೆನ್ನಿನ ಮುಚ್ಚಳ ಟಕ್ ಟಕ್ ಅನ್ನಿಸ್ಬೇಡ. ದಿನಾ ಕೇಳಿದ್ರೆ 'ಸೂಪರ್ ಅಜ್ಜಿ' ಅಂತಿದ್ದೆ. ಕೇಳೋಕೆ ಮುಂಚೇನೇ ಅಂತಿದ್ದೆ. ಇವತ್ತೇನು, ಬಾಯಿಗೆ ಬೀಗ?

ಅನ್ನೇ. ಇನ್ನೊಂದ್ಸಲ ಅನ್ನು, ಸಾಕು. ಅದನ್ನ ಕೇಳ್ಕೊಂಡು ಒಳಗೆ ಹೋಗ್ತೀನಿ.

...

ಅನ್ನಲ್ಲ.

ಸರಿ. ನಿನ್ನ ಕೈ ಕೊಡು ಇಲ್ಲಿ. ಇದಲ್ಲ, ಎಡಗೈ. ನೋಡು, ತೋರುಬೆರಳ ತುದಿಯೆಲ್ಲ ಸೂಜಿ ಚುಚ್ಚಿ ಚುಚ್ಚಿ ಜರಡಿ ಆಗಿದೆ. ಬೆರಳಿಗೆ ಟೋಪಿ ಹಾಕ್ಕೋ ಅಂತ ಎಷ್ಟು ಸಲ ಹೇಳ್ಬೇಕು ನಿನಗೆ? ಸಂಜೆ ಸಂಜೆ ನನ್ನನ್ನ ವಾಕಿಂಗಿಗೆ ಓಡಿಸಿ, ನಾನು ಹಾಕಿದ ಕಾಜಾ ಬಿಚ್ಚಿ ನೀನು ಮತ್ತೆ ಹಾಕ್ತೀಯ ಅಂತ ಗೊತ್ತಿಲ್ಲ ಅನ್ಕೊಂಡ್ಯಾ? ಅಜ್ಜಿ ಕಣ್ಣಿಗೆ ಮಣ್ಣೆರಚಿದೆ ಅನ್ಕೊಂಡ್ಯಾ? ಮಂಜೇ ತುಂಬಿರೋ ಕಣ್ಣು, ಮಣ್ಣಿಗೆ ಜಾಗ ಎಲ್ಲಿದೆಯೇ! ನನ್ನ ಕಾಜಾದ ಗಂಟುಗಳು ಬಲಕ್ಕೆ ವಾಲ್ತವೆ. ನೀನು ಎಡಗೈಯವಳು, ನಿನ್ನವು ಎಡಕ್ಕೆ. ಬೆಳಿಗ್ಗೆ ಕಣ್ಣು ಕಾಣದೆ ಕೂತಾಗ ಹಿಂದಿನ ದಿನದ ಕೋಟುಗಳನ್ನ ಬೆರಳಲ್ಲಿ ಸವರಿ ನೋಡ್ತೀನಿ. ಮೂರು ವಾರದಿಂದ ಒಂದೂ ಬಲಕ್ಕೆ ವಾಲಿಲ್ಲ. ಒಂದೂ ಇಲ್ಲ.

ಗೊತ್ತಿದ್ದೂ ಸುಮ್ನಿದ್ದೆ. ಕೇಳಿದ್ರೆ ನೀನು ನಿಲ್ಲಿಸ್ತಿದ್ದೆ. ನೀನು ನಿಲ್ಲಿಸಿದ್ರೆ ನನ್ನ ಕುರ್ಚಿ ಹೋಗ್ತಿತ್ತು. ನಿನ್ನ ಬೆರಳ ಮೇಲೆ ನಾನು ಕುರ್ಚಿ ಹಾಕ್ಕೊಂಡು ಕೂತಿದ್ದೆ, ಅಷ್ಟೇ.

ಅಯ್ಯೋ, ಇದೇನಿದು? ಅಳ್ಬೇಡ್ವೇ. ಕಣ್ಣಲ್ಲಿ ನೀರು ತುಂಬ್ಕೊಳ್ಳೋ ಕಾಯಿಲೆ ನನಗೆ, ನಿನಗಲ್ಲ. ಎದುರಿಗಿರೋರು ನೋಡ್ತಿದಾರೆ... ಯಾರಾದ್ರೂ ಇದಾರಾ ಎದುರಿಗೆ? ಇದಾರಾ? ಸೊಪ್ಪಿನ ಕಟ್ಟು ಅನ್ಕೊಂಡಿದ್ದೆ, ಹಸಿರು ಸೀರೆನಾ!

ಆಯ್ತು. ಎರಡು ತಿಂಗಳು ಆ ಕುರ್ಚಿ ಮೇಲೆ ನೀನು ಕೂತ್ಕೋ. ಕದ್ದು ಅಲ್ಲ, ನಿಮ್ಮಪ್ಪನ ಕಣ್ಣೆದುರಿಗೇ ಕೂತ್ಕೋ. ನೀನು ಕೂತಿದ್ರೆ ಅವನು ಮಿಷನ್ನನ್ನ ತಲೆ ಮೇಲೆ ಇಟ್ಕೋತಾನಾ? ನಿನ್ನ ಕಾಜಾ ಚೆನ್ನಾಗಿದೆ, ಸುಳ್ಳು ಹೇಳಲ್ಲ. ಕೊನೆಯ ಕಟ್ಟು ಮಾತ್ರ ಸಡಿಲ. ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು ಕೂತು ಬೈತಿರ್ತೀನಿ. ಬೈಯೋಕೆ ಕಣ್ಣು ಬೇಡ.

ಅಗೋ, ಕೂಗ್ತಿದಾರೆ, ನಮ್ಮನ್ನೇ. ಎಲ್ಲಿ ಆ ಫಾರಂ? ಹತ್ತು ಗಂಟೆ ಅಂತ ಬರೆದಿಲ್ಲ ತಾನೇ? ಒಳ್ಳೇದಾಯ್ತು. ಮೂಗು ಒರೆಸ್ಕೋ. ಅಕ್ಷರ ದೊಡ್ಡದಾಗಿರ್ಲಿ, ಡಾಕ್ಟರಮ್ಮನಿಗೂ ವಯಸ್ಸಾಗಿದೆ. ಬರಿ, ಮಗಳೇ: ದಿನವೆಲ್ಲಾ ಇರುತ್ತದೆ.