ಎದ್ದು ನಿಂತು ಕೊಟ್ಟ ಉತ್ತರ

ಪರದೇಶದ ಹಾಸ್ಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಕನ್ನಡ ಕಿವಿಗೆ ಬಿದ್ದಾಗ, ತನಗೆ ಅರ್ಥವಾಯಿತೆಂದು ಅವರಿಗೆ ಗೊತ್ತಾದರೆ ಮಾತು ನಿಂತೀತೆಂದು, ಬೆಂಚಿನ ಮೇಲೆ ಕೂತಿದ್ದ ಕನ್ನಡತಿ ಸಂಶೋಧಕಿಯೊಬ್ಬಳು ಪುಸ್ತಕದಿಂದ ತಲೆ ಎತ್ತಲಿಲ್ಲ. ಅದೇ ಬೆಂಚಿನ ಮೇಲೆ ಗಂಡ ಹೆಂಡತಿ ಕೂತಿದ್ದರು. ಬಿಸಿನೆಸ್ ಸ್ಕೂಲಿಗೆ ಹೊಸದಾಗಿ ಸೇರಿದವಳು ಹೆಂಡತಿ.

“ಇವತ್ತಾದ್ರೂ ಕ್ಲಾಸಲ್ಲಿ ಬಾಯಿ ಬಿಟ್ಯಾ?”

“ಕೈ ಎತ್ತಿದೆ. ಪ್ರೊಫೆಸರು ಹೆಸರು ಕರೆದ್ರು. ಇಲ್ಲಿ ಎಲ್ಲಾ ಕೂತೇ ಉತ್ತರ ಹೇಳೋದು. ನಾನು ಊರಿನ ಅಭ್ಯಾಸಬಲ, ಎದ್ದು ನಿಂತೆ.”

“ನಕ್ಕರಾ?”

“ನಕ್ಕಿದ್ರೆ ವಾಸಿ ಇತ್ತು. ಹೊರಗೆ ಹೊರಟಿದ್ದೀನಿ ಅಂದ್ಕೊಂಡು ಪಕ್ಕದವನು ಕಾಲು ಮಡಚಿ ದಾರಿ ಬಿಟ್ಟ.”

“ಆಮೇಲೆ?”

“ಹೊರಗೆ ಹೋಗೇಬಿಟ್ಟೆ ಕಣ್ರೀ.”

ಗಂಡ ನಗು ನುಂಗಿಕೊಂಡ. “ಮಾತಾಡಿದ್ರೇನೇ ಅರ್ಧ ಮಾರ್ಕ್ಸು ಅಂತ ನೀನೇ ಅಂದಿದ್ದೆ.”

“ನಾಳೆಯೂ ಅವರದೇ ಕ್ಲಾಸು. ಕೂತ್ಕೊಂಡು ಹೇಳೋಕೆ ಹೋದ್ರೆ ನಾಲಿಗೆ ಹೊರಳಲ್ಲ.”

“ನಿಂತೇ ಹೇಳು. ಈಗ ನಾನೇ ಮೇಷ್ಟ್ರು. ಹೇಳಮ್ಮಾ, ನಾಳೆ ಪಾಠದ ಆ ಬಿಸ್ಕತ್ ಕಂಪನಿ ಯಾಕೆ ಮುಳುಗ್ತು?”

ಹೆಂಡತಿ ಎದ್ದಳು. ಸಂಶೋಧಕಿ ತನಗೇ ತಿಳಿಯದಂತೆ ಕಾಲು ಮಡಚಿಕೊಂಡಳು.

ಹೆಂಡತಿ ಆ ಕಾಲುಗಳನ್ನೇ ನೋಡಿದಳು. ಆದರೆ ಕದಲಲಿಲ್ಲ. “ಬೆಲೆ ಇಳಿಸಿದ್ದೇ ತಪ್ಪು, ಸರ್,” ಎಂದು ಶುರು ಮಾಡಿ, ಮೆಷಿನ್ನು ಸುತ್ತಿ ನಿಲ್ಲುವವರೆಗೂ ನಿಂತೇ ಹೇಳಿದಳು.

ಆಮೇಲೆ ಇಬ್ಬರೂ ಒದ್ದೆ ಬಟ್ಟೆಯ ಬುಟ್ಟಿಯನ್ನು ಆಚೀಚೆ ಹಿಡಿದು ಹೊರಟರು. ಸಂಶೋಧಕಿ ಮತ್ತೆ ಕಾಲು ಮಡಚಿಕೊಂಡಳು. ಈ ಸಲ ಅವರಿಗೆ ದಾರಿ ಬೇಕಾಗಿತ್ತು.