ಹ್ಯಾಮರ್ಸ್ ಕ್ಲಬ್ಬಿನ ಕೊನೆಯ ಆಟ

ಓಹಾಯೋದ ನಮ್ಮೂರಿನ ಔಷಧಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ನಿಂತಿದ್ದರು. ವೆಂಡೆಲ್, ಮುಚ್ಚಿಹೋದ ಹ್ಯಾಮರ್ಸ್ ಸಾಕರ್ ಕ್ಲಬ್ಬಿನ ಗೋಲ್‌ಕೀಪರ್ ಆಗಿದ್ದವನು. ಲೊರೆಟ್ಟಾ, ಆಗ ಅದೇ ಮೈದಾನದಲ್ಲಿ ಹಾಟ್‌ಡಾಗ್ ಮಾರುತ್ತಿದ್ದವಳು.

“ಮಂಡಿ ಇನ್ನೂ ನೋಯುತ್ತೇನೋ?”

“ಕಪ್ ಗೆದ್ದ ಮಂಡಿ ಕಣೇ ಇದು.”

“ಹೌದಪ್ಪ, ಆ ವರ್ಷ ಜನ ಬೇಲಿ ಹತ್ತಿ ನೋಡ್ತಿದ್ರು. ಅರ್ಧ ಆಟದೊಳಗೆ ನನ್ನ ಹಾಟ್‌ಡಾಗ್ ಖಾಲಿ.”

“ಆಮೇಲೆ ಉಕ್ಕಿನ ಕಾರ್ಖಾನೆ ಮುಚ್ತು. ನೋಡೋರೇ ಇಲ್ಲದಂಗಾಯ್ತು.”

“ಕಾರ್ಖಾನೆ ಮೇಲೆ ಹಾಕಬೇಡ. ಕೊನೇ ಆಟದಲ್ಲಿ ಚೆಂಡು ನಿನ್ನ ಕಾಲಸಂದೀಲಿ ನುಗ್ತಲ್ಲ, ಅದೂ ಕಾರ್ಖಾನೆ ಮಾಡಿದ್ದಾ?”

“ನಾನು ಗ್ಯಾಲರಿ ಕಡೆ ನೋಡ್ತಿದ್ದೆ.”

“ಖಾಲಿ ಗ್ಯಾಲರೀಲಿ ಏನಿತ್ತೋ ನೋಡೋಕೆ?”

“ನೀನಿದ್ದೆ. ಅಂಗಡಿ ಮುಚ್ಚಿ ಬಂದು ಕೂತಿದ್ದೆ. ಅಷ್ಟು ವರ್ಷದಲ್ಲಿ ನೀನು ಕೂತು ಆಟ ನೋಡಿದ್ದು ಅದೊಂದೇ ಸಲ.”

ಲೊರೆಟ್ಟಾ ಅವನ ಕಡೆ ಪೂರ್ತಿ ತಿರುಗಿ ನಿಂತಳು.

“ಆವತ್ತೇ ಹೇಳಬಾರದಿತ್ತಾ?”

“ಅಂಥಾ ಗೋಲು ಬಿಟ್ಟ ಮೇಲೆ ಯಾವ ಮುಖ ಇಟ್ಕೊಂಡು ಹೇಳ್ಲಿ?”

ಅಷ್ಟರಲ್ಲಿ ಕೌಂಟರಿನವನು ವೆಂಡೆಲ್‌ನ ಹೆಸರು ಕರೆದು ಔಷಧಿಯ ಪೊಟ್ಟಣ ಚಾಚಿದ. ಲೊರೆಟ್ಟಾ ಅದನ್ನು ತಾನೇ ಇಸಿದುಕೊಂಡಳು.

“ನಾನೇ ಹಿಡ್ಕೋತೀನಿ. ನಿನ್ನ ಕೈಯಲ್ಲಿ ಏನೂ ನಿಲ್ಲಲ್ಲ.”

ಹಾಗೆನ್ನುತ್ತಲೇ ಅವನ ತೋಳಿಗೆ ತನ್ನ ತೋಳು ಸೇರಿಸಿದಳು. ಇಬ್ಬರೂ ನಿಧಾನವಾಗಿ ಬಾಗಿಲು ದಾಟಿದರು.